ಬರಿ ಇಲ್ಲದವರು: ಸಿರಿ, ದೇಯಿ ಮತ್ತು ಮೂಲದ ಹುಡುಕಾಟ

ತುಳುನಾಡಿನಲ್ಲಿ ಹೊಸಬರ ಪರಿಚಯ ಸಾಮಾನ್ಯವಾಗಿ ಮೂರು ಪ್ರಶ್ನೆಗಳಲ್ಲಿ ಮುಗಿಯುತ್ತದೆ. ಊರು ಯಾವುದು, ಮನೆ ಯಾರದು, ಬರಿ ಯಾವುದು. ಮೊದಲ ಎರಡಕ್ಕೆ ಯಾರು ಬೇಕಾದರೂ ಉತ್ತರ ಹೇಳಬಹುದು. ಮೂರನೆಯದಕ್ಕೆ ಉತ್ತರ ತಾಯಿಯಿಂದ ಬರಬೇಕು. ಬರಿ, ಕೆಲವರ ಬಾಯಲ್ಲಿ ಬಳಿ, ಎಂದರೆ ತಾಯಿಯ ಕಡೆಯಿಂದ ಇಳಿದುಬರುವ ಕುಲದ ಹೆಸರು. ಅಳಿಯಸಂತಾನ ಪದ್ಧತಿಯನ್ನು ನಡೆಸಿಕೊಂಡು ಬಂದ ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಸಮುದಾಯಗಳಲ್ಲಿ ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ. ಅವರೊಳಗೆ ಮದುವೆ ನಡೆಯುವುದಿಲ್ಲ. ಆಸ್ತಿಯ ವಿಷಯದಲ್ಲಿ ಹಳೆಯ ಪದ್ಧತಿಯನ್ನು 1949ರ ಮದರಾಸು ಅಳಿಯಸಂತಾನ ಕಾಯ್ದೆಯೂ ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಸಡಿಲಿಸಿದವು. ಬರಿಯನ್ನು ಯಾವ ಕಾಯ್ದೆಯೂ ಮುಟ್ಟಲಿಲ್ಲ. ಮದುವೆಯ ಮಾತುಕತೆಯಲ್ಲಿ, ದೈವದ ಚಾವಡಿಯಲ್ಲಿ ಅದು ಇನ್ನೂ ಚಲಾವಣೆಯಲ್ಲಿದೆ.

ಈಚಿನ ವರ್ಷಗಳಲ್ಲಿ ಈ ಪ್ರಶ್ನೆ ಹೆಚ್ಚು ಕೇಳಿಸುತ್ತಿದೆ. ಮುಂಬಯಿ, ಪುಣೆ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗಿ ಎರಡು ಮೂರು ತಲೆಮಾರು ಕಳೆದ ಕುಟುಂಬಗಳು ಮೂಲ ಹುಡುಕಿಕೊಂಡು ಬರುತ್ತಿವೆ. ಮನೆಯಲ್ಲಿ ತೊಂದರೆ ಕಂಡರೆ ಜ್ಯೋತಿಷಿಯ ಬಳಿ ಪ್ರಶ್ನೆ ಇಡುತ್ತಾರೆ. ಮೂಲದ ನಾಗನನ್ನು ಮರೆತಿದ್ದೀರಿ ಎಂಬ ಉತ್ತರ ಬರುತ್ತದೆ. ಪೊದೆ ಬೆಳೆದ ಬನವನ್ನು ಹುಡುಕಿ, ಕಟ್ಟೆ ಕಟ್ಟಿಸಿ, ನಾಗರಪಂಚಮಿಯ ದಿನ ಹಾಲು ಸೀಯಾಳದ ತನು ಎರೆಯುತ್ತಾರೆ. ಬಿದ್ದುಹೋಗಿದ್ದ ತರವಾಡು ಮನೆಗಳಿಗೆ ಹೊಸ ಮಾಡು, ಹೊಸ ಚಾವಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಬಸ್ಸಿನಲ್ಲಿ ಓಡಾಡಿದರೆ ಯಾವುದಾದರೊಂದು ಜೀರ್ಣೋದ್ಧಾರದ ಬ್ಯಾನರ್ ಕಣ್ಣಿಗೆ ಬಿದ್ದೇ ಬೀಳುತ್ತದೆ. ಡಯಾಸ್ಪೊರಾ ಅಧ್ಯಯನದ ಪುಸ್ತಕಗಳಲ್ಲಿ ನಾವು ಸಿದ್ಧಾಂತವಾಗಿ ಓದುವ 'ಮರಳಿ ಬರುವುದು' ಇಲ್ಲಿ ಪಂಚಾಂಗದ ಒಂದು ದಿನ.

ಹೀಗೆ ಬರುವವರಲ್ಲಿ ಬೆರಕೆಯ ಮಕ್ಕಳೂ ಇರುತ್ತಾರೆ. ನಾನು ಅಂಥವಳು. ಅಪ್ಪ ಬಂಟ್ವಾಳ ತಾಲ್ಲೂಕಿನ ಬಿಲ್ಲವರು, ಹೋಟೆಲ್ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋಗಿ ಅಲ್ಲೇ ನಿಂತವರು. ಅವ್ವ ಗದಗ ಕಡೆಯವಳು. ಮನೆಯಲ್ಲಿ ಹುಬ್ಬಳ್ಳಿ ಕನ್ನಡ. ತುಳು ನನಗೆ ಕೇಳಿದರೆ ತಿಳಿಯುತ್ತದೆ, ಆಡಲು ನಾಲಿಗೆ ತಡವರಿಸುತ್ತದೆ. ಸಂಶೋಧನೆಗೆಂದು ಪಾಡ್ದನಗಳನ್ನು ಆರಿಸಿಕೊಂಡ ಮೇಲೆ ಈ ಮೂರು ತಾಲ್ಲೂಕುಗಳಲ್ಲಿ ನನ್ನ ಓಡಾಟ ಹೆಚ್ಚಾಯಿತು. ಅಪ್ಪನ ತರವಾಡಿನಲ್ಲಿ ತಂಬಿಲವಿದ್ದ ಒಂದು ಸಂಜೆ, ಚಾವಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಮಗಾ, ನಿನ್ನ ಬರಿ ಒವು?" ನಾನು ಬಾಯಿ ತೆರೆಯುವ ಮೊದಲೇ ಅಪ್ಪನ ಅಕ್ಕ, ಇಲ್ಲಿನ ರೂಢಿಯಲ್ಲಿ ನನಗೆ ಮಾಮಿ, ಹೇಳಿದರು: "ನಮ್ಮ ತಮ್ಮನ ಮಗಳಲ್ವಾ." ಅವರು ಬಿಡಲಿಲ್ಲ: "ಅದು ಗೊತ್ತಾಯ್ತು ಮಾರಾಯ್ತಿ. ನಾನು ಕೇಳಿದ್ದು ಬರಿ." ಮಾಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಅಮ್ಮ ಘಟ್ಟದ ಮೇಲಿನವರು. ಬರಿ ಇಲ್ಲ" ಎಂದರು.

ಅದರಲ್ಲಿ ಅವಮಾನವೇನೂ ಇರಲಿಲ್ಲ. ಊಟಕ್ಕೆ ಎಲ್ಲರ ಜೊತೆ ಎಲೆ ಹಾಕಿದರು, ಪ್ರಸಾದ ಕೊಟ್ಟರು. ಆದರೆ ಲೆಕ್ಕ ಸರಿಯಾಗಿಯೇ ಇತ್ತು. ತಾಯಿಯ ಕಡೆಯಿಂದ ನಡೆಯುವ ಮನೆಯಲ್ಲಿ ಗಂಡಸರ ಮಕ್ಕಳೆಲ್ಲ ಒಂದು ರೀತಿಯಲ್ಲಿ ಅತಿಥಿಗಳೇ. ನನ್ನ ದೊಡ್ಡಪ್ಪನ ಮಗನೂ ಆ ಚಾವಡಿಯಲ್ಲಿ ಅತಿಥಿ. ವ್ಯತ್ಯಾಸವೆಂದರೆ ಅವನು ಮನೆಯವನಾಗಿ ನಿಲ್ಲಬಹುದಾದ ಇನ್ನೊಂದು ಚಾವಡಿ, ಅವನ ತಾಯಿಯದು, ಎಲ್ಲೋ ವೇಣೂರಿನ ಕಡೆ ಇದೆ. ನನಗೆ ಅದಿಲ್ಲ. ಫೋನಿನಲ್ಲಿ ಅವ್ವನಿಗೆ ಹೇಳಿದಾಗ ನಕ್ಕಳು: "ನಮ್ಮ ಕಡೆ ಬರೇ ಅಂದ್ರ ಏನೂ ಇಲ್ಲದ್ದು. ನಿನಗ ಬರೇನೂ ಇಲ್ಲ ಅಂದ್ರ ಲೆಕ್ಕ ಹೆಂಗ ಹಾಕೂದು?"

ಅವ್ವನ ತಮಾಷೆಯನ್ನು ವಿಮರ್ಶೆಯ ಪ್ರಶ್ನೆಯಾಗಿ ಬದಲಿಸಿಕೊಂಡರೆ ಹೀಗಾಗುತ್ತದೆ: ತಾಯಿಯ ಮೂಲಕ ಮೂಲವನ್ನು ಗುರುತಿಸುವ ಈ ನಾಡು, ತಾಯಿಯ ಕಡೆ ಹೆಸರಿಲ್ಲದವರ ಬಗ್ಗೆ ತನ್ನ ಕಾವ್ಯಗಳಲ್ಲಿ ಏನು ಹೇಳಿದೆ? ನನಗೆ ಕಂಡ ಉತ್ತರ ನಾನು ನಿರೀಕ್ಷಿಸಿದ್ದಲ್ಲ. ತುಳುವಿನ ಎರಡು ಅತಿ ದೊಡ್ಡ ಕಥನಗಳು, ಸಿರಿ ಮತ್ತು ಕೋಟಿ ಚೆನ್ನಯ, ಶುರುವಾಗುವುದೇ ಬರಿ ಇಲ್ಲದ ಹೆಣ್ಣುಮಕ್ಕಳಿಂದ.

*

ಮಾಚಾರು ಬೆಳ್ತಂಗಡಿ ತಾಲ್ಲೂಕಿನಲ್ಲಿ ಉಜಿರೆಯ ಹತ್ತಿರದ ಹಳ್ಳಿ. ಅಲ್ಲಿನ ಗೋಪಾಲ ನಾಯ್ಕರು ಪಾಡ್ದನ ಹಾಡುಗಾರರು, ಸಿರಿ ಬಳಗದ ಮುಂದಾಳು. 1990ರ ಡಿಸೆಂಬರಿನಲ್ಲಿ ಅವರು ಹಲವು ದಿನಗಳ ಕಾಲ ಸಿರಿಯ ಕಥೆಯನ್ನು ಹಾಡಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನೇಲಿ ಹೊಂಕೊ ಅದನ್ನು ದಾಖಲಿಸಿಕೊಂಡರು. 15,683 ಸಾಲುಗಳ ಆ ಪಾಠ 1998ರಲ್ಲಿ ತುಳು ಮತ್ತು ಇಂಗ್ಲಿಷಿನಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಗದ್ದೆಯಲ್ಲಿ ನೇಜಿ ನೆಡುವಾಗ ತುಂಡು ತುಂಡಾಗಿ ಕೇಳಿಬರುವ ಕಥೆ ಹೀಗೆ ಒಂದೇ ಹರಿವಿನಲ್ಲಿ ಪುಸ್ತಕವಾಯಿತು. ಅಪ್ಪನ ಊರಿನಿಂದ ಒಂದು ಬಸ್ಸಿನ ದೂರದಲ್ಲಿ ಹುಟ್ಟಿದ ಕಥೆಯನ್ನು ನಾನು ಮೊದಲು ಓದಿದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಇಂಗ್ಲಿಷಿನಲ್ಲಿ. ಕಥೆಗಳಿಗೂ ವಲಸೆ ತಪ್ಪಿಲ್ಲ.

ಕಾವ್ಯದ ಆರಂಭವನ್ನು ನೋಡಿ. ಸತ್ಯನಾಪುರದ ಬಿರ್ಮು ಆಳ್ವ ಮುದುಕ, ಒಂಟಿ, ಸಂತಾನವಿಲ್ಲದವನು. ಅವನ ಕಷ್ಟಕ್ಕೆ ಕಾರಣವಾಗಿ ಕಾಣಿಸುವುದು ಲೋಕನಾಡಿನಲ್ಲಿ ಪಾಳು ಬಿದ್ದಿರುವ ಬೆರ್ಮೆರ ಗುಡಿ, ಅವನ ಕುಟುಂಬದ ಮೂಲಸ್ಥಾನ. ಈ ಲೋಕನಾಡನ್ನು ಜನ ಬೆಳ್ತಂಗಡಿ ತಾಲ್ಲೂಕಿನ ನಿಡಿಗಲ್ಲಿನಲ್ಲಿ ಗುರುತಿಸುತ್ತಾರೆ. ಮುದುಕ ಅಲ್ಲಿಗೆ ಹೋಗಿ ಗುಡಿಯ ಜೀರ್ಣೋದ್ಧಾರ ಮಾಡಿಸುತ್ತಾನೆ. ಪ್ರಸಾದವಾಗಿ ಬಂದ ಗಂಧ ಮತ್ತು ಪಿಂಗಾರ, ಅಂದರೆ ಅಡಿಕೆಯ ಹೂ, ಮನೆಗೆ ತಂದ ಮೇಲೆ ಹೆಣ್ಣು ಮಗುವಾಗುತ್ತದೆ. ಅವಳೇ ಸಿರಿ. ಇಂದು ಬ್ಯಾನರುಗಳಲ್ಲಿ ಕಾಣುವ ಇಡೀ ವ್ಯವಹಾರ, ಅಂದರೆ ಮರೆತ ಮೂಲ, ಅದರಿಂದ ತೊಂದರೆ, ಮರಳಿ ಹೋಗಿ ಜೀರ್ಣೋದ್ಧಾರ, ಕಾವ್ಯದ ಮೊದಲ ಭಾಗದಲ್ಲೇ ಇದೆ. ಆದರೆ ಮೂಲಸ್ಥಾನ ಮುದುಕನಿಗೆ ಕೊಟ್ಟದ್ದು ಹಳೆಯ ವಂಶದ ಕುಡಿಯನ್ನಲ್ಲ. ಎಲ್ಲಿಂದಲೋ ಬಂದ, ತಾಯಿಯೇ ಇಲ್ಲದ ಒಂದು ಮಗುವನ್ನು.

ದೈವಿಕ ಹುಟ್ಟು ಎಲ್ಲ ಮಹಾಕಾವ್ಯಗಳಲ್ಲೂ ಇದೆ, ಇದರಲ್ಲೇನು ವಿಶೇಷ ಎಂದು ಕೇಳಬಹುದು. ಸೀತೆ ನೇಗಿಲ ಸಾಲಿನಲ್ಲಿ ಸಿಕ್ಕಿದಳು, ದ್ರೌಪದಿ ಬೆಂಕಿಯಿಂದ ಬಂದಳು. ಆದರೆ ಒಂದೇ ಆಶಯ ಬೇರೆ ಬೇರೆ ಸಮಾಜಗಳಲ್ಲಿ ಬೇರೆ ಬೇರೆ ಭಾರ ಹೊರುತ್ತದೆ. ತಂದೆಯಿಂದ ವಂಶ ನಡೆಯುವ ಅಯೋಧ್ಯೆಯಲ್ಲಿ ಸೀತೆಗೆ ಹೆತ್ತ ತಾಯಿ ಇಲ್ಲದಿರುವುದು ಸಿಂಹಾಸನದ ಪ್ರಶ್ನೆಯಾಗುವುದಿಲ್ಲ. ತಾಯಿಯಿಂದ ವಂಶ ನಡೆಯುವ ಸತ್ಯನಾಪುರದಲ್ಲಿ ಅದೇ ಕಥೆಯ ಗಂಟು. ಬಸ್ರೂರಿನ ಕಾಂತು ಪೂಂಜನನ್ನು ಮದುವೆಯಾಗಿ, ಅವನ ಪರಸ್ತ್ರೀ ಸಂಗದಿಂದ ನೊಂದು, ಬಸುರಿಯಾಗಿ ಅಜ್ಜನ ಮನೆಗೆ ಮರಳಿದ ಸಿರಿಗೆ ಅಜ್ಜ ಸತ್ತ ಮೇಲೆ ಎದುರಾಗುವುದು ಇದೇ: ಈ ಮನೆ ಯಾರದು? ನ್ಯಾಯ ಹೇಳಲು ಕೂತವರು ಅವಳ ಪರ ನಿಲ್ಲುವುದಿಲ್ಲ. ಅವಳು ಗಂಡನ ಸಂಬಂಧವನ್ನು ತಾನೇ ಕಡಿದುಕೊಳ್ಳುತ್ತಾಳೆ. ಮಗ ಕುಮಾರನನ್ನೂ ಕೆಲಸದಾಕೆ ದಾರುವನ್ನೂ ಕರೆದುಕೊಂಡು ಹೊರಡುತ್ತಾಳೆ. ಹಿಂದೆ ಸತ್ಯನಾಪುರದ ಅರಮನೆ ಉರಿದುಹೋಗುತ್ತದೆ.

ಈ ಬೆಂಕಿಯನ್ನು ಸ್ತ್ರೀವಾದಿ ಓದುಗಳು ಪ್ರತಿಭಟನೆಯಾಗಿ ಕಂಡಿವೆ. ಅದು ಸರಿಯೇ. ನನ್ನ ಓದು ಅದಕ್ಕೆ ಒಂದು ಮಾತು ಸೇರಿಸುತ್ತದೆ. ಗಂಡನನ್ನು ಬಿಟ್ಟ ಮಗಳಿಗೆ ಅಳಿಯಸಂತಾನದ ಮನೆಯಲ್ಲಿ ಜಾಗ ಸಿಗಬೇಕು. ಆ ಪದ್ಧತಿಯ ಹೆಗ್ಗಳಿಕೆಯೇ ಅದು. ಸಿರಿಗೆ ಸಿಗಲಿಲ್ಲ. ಅವಳು ಆ ಮನೆಯ ಯಾವ ಹೆಣ್ಣಿನ ಹೊಟ್ಟೆಯಲ್ಲೂ ಹುಟ್ಟಿದವಳಲ್ಲ. ಹೆಣ್ಣಿಗೆ ಹಕ್ಕು ಕೊಡುವ ಪದ್ಧತಿಯೂ ಲೆಕ್ಕಕ್ಕೆ ಸಿಗದ ಹೆಣ್ಣನ್ನು ಹೊರಗೆ ನಿಲ್ಲಿಸಬಲ್ಲದು ಎಂಬುದನ್ನು ಕಾವ್ಯ ಮುಚ್ಚಿಡುವುದಿಲ್ಲ.

ಆಮೇಲೆ ಸಿರಿ ಕೊಡ್ಸರ ಆಳ್ವನನ್ನು ಮದುವೆಯಾಗುತ್ತಾಳೆ, ಸೊನ್ನೆಯನ್ನು ಹೆರುತ್ತಾಳೆ, ಮಾಯವಾಗುತ್ತಾಳೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ ಚೆನ್ನೆಮಣೆಯ ಆಟದಲ್ಲಿ ಜಗಳವಾಡಿ ಹುಡುಗಿಯರಾಗಿದ್ದಾಗಲೇ ಸಾಯುತ್ತಾರೆ. ರಕ್ತದ ಲೆಕ್ಕದಲ್ಲಿ ಸಿರಿಯ ವಂಶ ಅಲ್ಲಿಗೆ ಮುಗಿಯಿತು. ಆದರೂ ಕವತ್ತಾರು, ಹಿರಿಯಡ್ಕ, ನಂದಳಿಕೆಯ ಆಲಡೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಿರಿ ಜಾತ್ರೆಗೆ ನೂರಾರು ಹೆಂಗಸರು ಪಿಂಗಾರ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಹೆಚ್ಚಿನವರು ಮನೆಯಲ್ಲಿ ಏನೋ ಸಂಕಟ ಇರುವವರು. ಆವೇಶ ಬಂದಾಗ ಕುಮಾರನ ಪಾತ್ರಿ ಹೊಸಬಳನ್ನು ಕೇಳುತ್ತಾನೆ: ನೀನು ಯಾರು? ಅವಳು ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗರಲ್ಲಿ ಒಬ್ಬಳ ಹೆಸರು ಹೇಳಬೇಕು. ಹೇಳಿದ ಮೇಲೆ ಅವಳು ಆ ಕುಟುಂಬದವಳು. ಅಲ್ಲಿಗೆ ಬರುವವರು ಬೇರೆ ಬೇರೆ ಜಾತಿಯವರು, ಬೇರೆ ಬೇರೆ ಬರಿಯವರು. ಜಾತಿಯ ಗೆರೆಗಳು ಆ ರಾತ್ರಿ ಅಳಿಸಿಹೋಗುತ್ತವೆ ಎಂದು ನಾನು ಹೇಳುತ್ತಿಲ್ಲ. ಆದರೆ ಪ್ರಶ್ನೆಯ ರೀತಿ ಬದಲಾಗುತ್ತದೆ. 'ನಿನ್ನ ಬರಿ ಯಾವುದು' ಎಂಬುದಕ್ಕೆ ಉತ್ತರ ತಾಯಿ ಕೊಟ್ಟಿರಬೇಕು. 'ನೀನು ಯಾರು' ಎಂಬುದಕ್ಕೆ ಉತ್ತರ ಅವಳೇ ಕೊಡಬೇಕು, ಎದುರಿಗಿದ್ದವರು ಅದನ್ನು ಒಪ್ಪಬೇಕು. ಮಕ್ಕಳಿಲ್ಲದೆ ಮುಗಿದ ವಂಶ ಹೀಗೆ ಹೇಳಿಕೆ ಮತ್ತು ಒಪ್ಪಿಗೆಗಳಿಂದ ಬೆಳೆಯುತ್ತಿದೆ.

*

ಸಿರಿಗೆ ತಾಯಿ ಇರಲಿಲ್ಲ. ದೇಯಿಗೆ ತಾಯಿ ಇದ್ದೂ ಇಲ್ಲವಾದಳು. ಕೋಟಿ ಚೆನ್ನಯ ಪಾಡ್ದನದ ಹಲವು ಪಾಠಗಳಲ್ಲಿ ದೇಯಿ ಬ್ರಾಹ್ಮಣ ದಂಪತಿಗೆ ಸಿಕ್ಕಿ ಬೆಳೆದ ಹುಡುಗಿ. ಮದುವೆಗೆ ಮೊದಲೇ ಮೈನೆರೆದಳೆಂದು ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಟ್ಟುಬರುತ್ತಾರೆ. ಮೂರ್ತೆಗೆ ಹೋಗಿದ್ದ ಸಾಯನ ಬೈದ್ಯ ಅವಳನ್ನು ಮನೆಗೆ ಕರೆದುಕೊಂಡು ಬರುತ್ತಾನೆ. ಅವಳು ಬಿಲ್ಲವರ ಮನೆಯ ಮಗಳಾಗಿ ದೇಯಿ ಬೈದೆದಿಯಾಗುತ್ತಾಳೆ, ಮದ್ದು ಕಲಿಯುತ್ತಾಳೆ, ತುಂಬು ಬಸುರಿಯಾಗಿ ಪಡುಮಲೆಗೆ ಹೋಗಿ ಬಲ್ಲಾಳನ ಕಾಲಿನ ಹುಣ್ಣು ವಾಸಿ ಮಾಡುತ್ತಾಳೆ. ಅವಳಿಗಳನ್ನು ಹೆತ್ತು ಬೇಗನೆ ತೀರಿಕೊಳ್ಳುತ್ತಾಳೆ. ಮುಂದೆ ಕೋಟಿ ಮತ್ತು ಚೆನ್ನಯ ಪಡುಮಲೆ ಬಿಟ್ಟು ಪಂಜ, ಎಣ್ಮೂರುಗಳಿಗೆ ಅಲೆಯುತ್ತಾರೆ. ಇವರಿಗೂ ಮಕ್ಕಳಿಲ್ಲ, ಗರಡಿಗಳಿವೆ.

ಬಾಸೆಲ್ ಮಿಶನ್ನಿನ ಎ. ಮ್ಯಾನರ್ 1886ರಲ್ಲಿ ಮಂಗಳೂರಿನಿಂದ ಪಾಡ್ದನಗಳ ಸಂಗ್ರಹವನ್ನು ಅಚ್ಚು ಹಾಕಿಸಿದ ಕಾಲದಿಂದ ಈ ಕಥೆಗೆ ಬಗೆಬಗೆಯ ಓದುಗರು ಸಿಕ್ಕಿದ್ದಾರೆ. ದೇಯಿಯ ಹುಟ್ಟಿನ ವಿಷಯ ಬಂದಾಗ ಓದುಗಳು ಎರಡು ದಾರಿ ಹಿಡಿಯುವುದನ್ನು ನಾನು ಭಾಷಣಗಳಲ್ಲಿ, ಮಾತುಕತೆಗಳಲ್ಲಿ ಕೇಳಿದ್ದೇನೆ. ಒಂದು ದಾರಿಯವರು, ಹುಟ್ಟು ಮೇಲಿನದಾದ್ದರಿಂದಲೇ ಮಕ್ಕಳಿಗೆ ಅಂಥ ತೇಜಸ್ಸು ಎನ್ನುತ್ತಾರೆ. ಇನ್ನೊಂದು ದಾರಿಯವರು, ಆ ಭಾಗವೇ ಆಮೇಲೆ ಸೇರಿದ್ದು, ವೀರರನ್ನು ನಮ್ಮಿಂದ ಕಿತ್ತುಕೊಳ್ಳಲು ಹೆಣೆದದ್ದು ಎನ್ನುತ್ತಾರೆ. ಎರಡನೆಯ ಸಿಟ್ಟಿಗೆ ಚರಿತ್ರೆಯ ಕಾರಣಗಳಿವೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಇಬ್ಬರೂ ಒಂದು ಮಾತನ್ನು ಒಪ್ಪಿಕೊಂಡಂತಿದೆ: ಮನುಷ್ಯನ ಬೆಲೆ ಹುಟ್ಟಿನಲ್ಲಿದೆ. ಪಾಡ್ದನ ಹಾಗೆ ಹೇಳುತ್ತಿಲ್ಲ. ಹೆತ್ತವರ ಕಡೆಯ ಶುದ್ಧಿಯ ನಿಯಮ ಹುಡುಗಿಯನ್ನು ಕಾಡಿಗೆ ಹಾಕಿತು. ಮೂರ್ತೆಗಾರನ ಮನೆ ಅವಳಿಗೆ ಅನ್ನ, ವಿದ್ಯೆ, ಹೆಸರು ಕೊಟ್ಟಿತು. ಕಥೆ ಬೈದೆದಿ ಎಂದು ಕರೆಯುವುದು ಈ ಎರಡನೆಯ ಮನೆಯ ಮಗಳನ್ನು. ಅವಳ ಕೈಗುಣ ಬಂದದ್ದು ಸಾಕಿದ ಮನೆಯಿಂದ.

ಈ ಪಾಡ್ದನವನ್ನು ಕನ್ನಡ ಗದ್ಯಕ್ಕೆ ತಂದವರಲ್ಲಿ ಮುಖ್ಯರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ, ಮನೆಯಲ್ಲಿ ಕೊಂಕಣಿ ಆಡುವ ಸಾರಸ್ವತರು. ಕನ್ನಡ ಮಕ್ಕಳಿಗೆ ಹಾಡು ಕೊಟ್ಟರು, ಮಡಿಕೇರಿಯಲ್ಲಿ ಮೇಷ್ಟರಾಗಿದ್ದಾಗ ಕೊಡಗಿಗೆ ಹುತ್ತರಿಯ ಹಾಡು ಕಟ್ಟಿದರು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕೊಂಕಣಿ ಮನೆಯವರೊಬ್ಬರು ಬಿಲ್ಲವ ವೀರರ ತುಳು ಕಥೆಯನ್ನು ಕನ್ನಡದಲ್ಲಿ ಬರೆದದ್ದನ್ನು ಸಾಹಿತ್ಯ ಚರಿತ್ರೆಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಅಲ್ಲಿ ನಿಂತು ಯೋಚಿಸಬೇಕೆಂದು ನನಗೆ ಅನಿಸುತ್ತದೆ. ಪಂಜೆಯವರಿಗೆ ಆ ಕಥೆಯ ಮೇಲೆ ಬರಿಯ ಹಕ್ಕಿರಲಿಲ್ಲ. ಕಿವಿಯ ಹಕ್ಕಿತ್ತು. ಬಂಟ್ವಾಳದಂಥ ಊರಿನಲ್ಲಿ ಬೆಳೆದವರಿಗೆ ಪಕ್ಕದ ಮನೆಯ ಕಥೆ ತನ್ನ ಬಾಲ್ಯದ ಪಾಲು. ಅವರ ಮನೆತನದ ಹೆಸರಿನಲ್ಲಿ ಕೇಳುವ ಊರು, ಪಂಜ, ಕೋಟಿ ಚೆನ್ನಯರ ಅಲೆದಾಟದಲ್ಲೂ ಬರುತ್ತದೆ. ಯಾವ ಕಥೆ ಯಾರ ಸೊತ್ತು ಎಂಬ ಇಂದಿನ ಜಗಳದಲ್ಲಿ ನಾವು ಪಂ‍ಜೆಯವರನ್ನು ಎಲ್ಲಿ ಕೂರಿಸುತ್ತೇವೆ?

*

ಬಂಟ್ವಾಳ ಪೇಟೆಯಲ್ಲಿ ನಡೆದರೆ ಮೂಲ ಎಂಬ ಪದ ಎರಡು ದಿಕ್ಕಿಗೆ ಎಳೆಯುವುದು ಕಾಣುತ್ತದೆ. ಮುಂಬಯಿಯ ತುಳುವರು ಮೂಲ ಹುಡುಕಿ ಇಲ್ಲಿಗೆ ಬರುತ್ತಾರೆ. ವೆಂಕಟರಮಣ ದೇವಸ್ಥಾನದ ಸುತ್ತ ತಲೆತಲಾಂತರದಿಂದ ಅಂಗಡಿ ಇಟ್ಟಿರುವ ಕೊಂಕಣಿ ಕುಟುಂಬಗಳು ಕುಲದೇವರ ದರ್ಶನಕ್ಕೆ ಗೋವಾಕ್ಕೆ ಹೋಗುತ್ತವೆ. ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ', 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ, ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಕರಾವಳಿಗುಂಟ ತೆಂಕಣಕ್ಕೆ ಬಂದ ಈ ಜನರ ಕಥೆ. ಆ ವಲಸೆಯಲ್ಲಿ ಮನೆ, ಹೊಲ, ದೇವಸ್ಥಾನ ಹೋದರೂ ಗೋತ್ರ ಹೋಗಲಿಲ್ಲ. ಗೋತ್ರ ಗಂಡಸಿನ ಜೊತೆ ನಡೆಯುತ್ತದೆ, ಬರಿ ಹೆಂಗಸಿನ ಜೊತೆ. ಗೋತ್ರದವರ ವಲಸೆಯಲ್ಲಿ ಕಳೆದದ್ದು ಊರು. ಬರಿಯವರಲ್ಲಿ ಗಂಡಸು ಹೊರಗೆ ಮದುವೆಯಾದರೆ ಊರು ಉಳಿದೂ ಹೆಸರು ನಿಲ್ಲುತ್ತದೆ. ಬೆರಕೆಯ ಬಗ್ಗೆ ಒಂದೇ ಮಾತಿನಲ್ಲಿ ಸಿದ್ಧಾಂತ ಕಟ್ಟುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಯಾವ ಮಗು ಬೆರಕೆ, ಯಾವುದು ಅಲ್ಲ ಎಂಬುದು ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದರ ಮೇಲೆ ನಿಂತಿದೆ.

ಇದಕ್ಕೆ ಕರಾವಳಿಯ ಅತ್ಯಂತ ಹಳೆಯ ದಾಖಲೆಯೊಂದು ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' (1992) ಪುಸ್ತಕದಲ್ಲಿದೆ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಯಹೂದಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದ ಹಳೆಯ ಪ್ರಾರ್ಥನಾಮಂದಿರದಲ್ಲಿ ಸಿಕ್ಕವು. ಆ ಪತ್ರಗಳಲ್ಲಿ ಹೀಬ್ರೂ ಅಕ್ಷರದ ಬರೀ ವ್ಯಂಜನಗಳಲ್ಲಿ ಬರುವ ಒಬ್ಬ ಆಳಿನ ಹೆಸರನ್ನು ಬೆನ್ನಟ್ಟಿ ಘೋಷ್ ಮಂಗಳೂರಿಗೆ ಬರುತ್ತಾರೆ. ಆ ಹೆಸರು 'ಬೊಮ್ಮ' ಇರಬೇಕು, ಅದು ತುಳುವರ ಬೆರ್ಮೆರಿಗೆ ಸಂಬಂಧಿಸಿದ್ದು ಎಂದು ದಾರಿ ತೋರಿಸಿದವರು ಬಂಟ್ವಾಳ ತಾಲ್ಲೂಕಿನ ಪುಣಚದವರಾದ ವಿವೇಕ ರೈ. ಸಿರಿಯ ಕಥೆಯಲ್ಲಿ ಪಿಂಗಾರ ಕೊಟ್ಟ ಬೆರ್ಮೆರೇ ಕೈರೋದ ಕಾಗದದಲ್ಲಿ ಕೂತಿದ್ದರು.

ಬೊಮ್ಮನ ಹೆಸರಿಗೆ ಘೋಷ್ ಕೊಟ್ಟ ಪ್ರೀತಿ ದೊಡ್ಡದು. ನನ್ನ ಕುತೂಹಲ ಅದೇ ಪತ್ರಗಳ ಇನ್ನೊಬ್ಬರ ಮೇಲೆ. ಬೆನ್ ಯಿಜು 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಅವಳು ನಾಯರ್ ಕುಟುಂಬದವಳು, ಅವನ ಮಕ್ಕಳ ತಾಯಿ ಎಂದು ಘೋಷ್ ತರ್ಕಿಸುತ್ತಾರೆ. 1149ರಲ್ಲಿ ಅವನು ಮಕ್ಕಳೊಂದಿಗೆ ಏಡನ್ನಿಗೆ ಮರಳಿದ. ಮಗಳು ಸಿತ್ ಅಲ್-ದಾರ್ 1156ರಲ್ಲಿ ಈಜಿಪ್ಟಿನ ಫುಸ್ತಾತಿನಲ್ಲಿ ತಂದೆಯ ಸಹೋದರನ ಮಗನನ್ನು ಮದುವೆಯಾದಳು. ನಾಯರರಲ್ಲಿ ಮನೆತನ ತಾಯಿಯಿಂದ. ಮಲಬಾರಿನಲ್ಲೇ ಉಳಿದಿದ್ದರೆ ಆ ಹುಡುಗಿಗೆ ತಾಯಿಯ ತರವಾಡು ಇರುತ್ತಿತ್ತೇನೋ. ಈಜಿಪ್ಟಿನಲ್ಲಿ ಅವಳು ಬೆನ್ ಯಿಜುವಿನ ಮಗಳು ಮಾತ್ರ. ತಂದೆಯ ಪತ್ರಗಳು ಆಶುವಿನ ಹೆಸರೆತ್ತುವುದಿಲ್ಲ. ನನ್ನದು ಈ ಹುಡುಗಿಯ ತಲೆಕೆಳಗಾದ ಸ್ಥಿತಿ: ತಾಯಿಯ ಮೂಲಕ ಮಾತ್ರ ಎಣಿಸುವಲ್ಲಿಗೆ ತಂದೆಯ ಹೆಸರು ಹಿಡಿದುಕೊಂಡು ಬಂದವಳು ನಾನು, ತಂದೆಯ ಮೂಲಕ ಎಣಿಸುವಲ್ಲಿಗೆ ತಾಯಿಯ ಊರನ್ನು ಮೈಯಲ್ಲಿ ಹೊತ್ತು ಹೋದವಳು ಅವಳು. ಘೋಷ್ ಪುಸ್ತಕದ ಪಯಣ ಒಬ್ಬ ಆಳಿಗೆ ಮೂಲ ಹುಡುಕಿಕೊಡುವಲ್ಲಿ ಗೆಲ್ಲುತ್ತದೆ. ಎರಡು ಮೂಲಗಳ ಹುಡುಗಿ ಯಾವ ಕಡೆಗೆ ಮರಳಬೇಕಿತ್ತು ಎಂಬುದು ಅದರ ಕೇಂದ್ರ ಪ್ರಶ್ನೆಯಾಗುವುದಿಲ್ಲ. ಮರಳುವ ಕಥೆಗಳ ಮಿತಿ ಇದು. ಅವಕ್ಕೆ ಹೋಗಿ ಸೇರಲು ಒಂದೇ ಊರು ಬೇಕು.

*

ಒಂದೇ ಊರು ಬೇಡದ ಕಲ್ಪನೆಯೂ ಈ ನೆಲದಲ್ಲಿ ಇತ್ತು. ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಬಸದಿಗಳ ನಾಡು ಶುರುವಾಗುತ್ತದೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಜಗಲಿಯಲ್ಲಿ ಜಿರಾಫೆಯನ್ನೂ ಚೀನೀ ಡ್ರ್ಯಾಗನ್ನನ್ನೂ ಹೋಲುವ ಕೆತ್ತನೆಗಳಿವೆ. ಬಂದವರಿಗೆಲ್ಲ ಅವನ್ನು ತೋರಿಸುತ್ತಾರೆ. ಕಡಲಾಚೆಯ ಸುದ್ದಿ ಇಲ್ಲಿನ ಶಿಲ್ಪಿಯ ಉಳಿಯವರೆಗೆ ಬಂದಿತ್ತು. ಅದೇ ಊರಿನ ಸಿದ್ಧಾಂತ ಬಸದಿಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳಿದ್ದವು. ಉತ್ತರದಲ್ಲಿ ಹುಟ್ಟಿದ ಪ್ರಾಕೃತದ ಆಗಮ, ಹಳೆಯ ಕನ್ನಡ ಲಿಪಿಯಲ್ಲಿ, ತುಳುನಾಡಿನಲ್ಲಿ ಉಳಿದುಕೊಂಡಿತ್ತು. 1939ರಿಂದ ಅದು ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಅಚ್ಚಾಗತೊಡಗಿತು. ಈ ಗ್ರಂಥದ ಮೂಲ ಯಾವುದು ಎಂದು ಕೇಳಿದರೆ ಹುಟ್ಟಿದ ಕಡೆ ಎನ್ನಬೇಕೆ, ಬದುಕಿ ಉಳಿದ ಕಡೆ ಎನ್ನಬೇಕೆ?

16ನೆಯ ಶತಮಾನದ ರತ್ನಾಕರವರ್ಣಿ ಈ ಊರಿನ ಕವಿ. 'ಭರತೇಶ ವೈಭವ'ದ ಆರಂಭದಲ್ಲಿ ಅವನು ತನ್ನ ಕಾವ್ಯವನ್ನು ಕನ್ನಡಿಗರು, ತೆಲುಗರು, ತುಳುವರು ತಮ್ಮ ತಮ್ಮ ಮಾತಿನಲ್ಲಿ ಮೆಚ್ಚಿಕೊಳ್ಳುತ್ತ ಕೇಳಬೇಕೆಂದು ಬಯಸುತ್ತಾನೆ, ಆ ಮೂರು ಮಾತುಗಳ ಮೆಚ್ಚುಗೆಯನ್ನೂ ಪದ್ಯದೊಳಗೇ ತರುತ್ತಾನೆ. ಈ ಪದ್ಯವನ್ನು ಭಾಷಾ ಸೌಹಾರ್ದದ ಉದಾಹರಣೆಯಾಗಿ ಪಠ್ಯಪುಸ್ತಕಗಳು ಬಳಸುತ್ತವೆ. ನನಗೆ ಅದು ಕೇಳುಗರ ಬಗೆಗಿನ ಒಂದು ನಿರ್ಧಾರವಾಗಿ ಕಾಣುತ್ತದೆ. ಕನ್ನಡದಲ್ಲಿ ಬರೆಯುವ ಕವಿ ತನ್ನೆದುರು ಒಂದೇ ನುಡಿಯವರನ್ನು ಕೂರಿಸಿಕೊಳ್ಳಲಿಲ್ಲ. ಅವನ ಬದುಕಿನ ಬಗ್ಗೆಯೂ ಕಥೆಗಳಿವೆ. ಜೈನನಾಗಿದ್ದು ವೀರಶೈವನಾಗಿ ಮತ್ತೆ ಜೈನನಾದ ಎಂಬ ಐತಿಹ್ಯ ದೇವಚಂದ್ರನ 'ರಾಜಾವಳಿ ಕಥೆ'ಯಲ್ಲಿದೆ. ಐತಿಹ್ಯ ನಿಜವಿರಲಿ ಬಿಡಲಿ, ತನ್ನ ದೊಡ್ಡ ಕವಿ ಒಮ್ಮೆ ಹೊರಗೆ ಹೋಗಿ ಬಂದವನೆಂದು ಹೇಳಿಕೊಳ್ಳಲು ಪರಂಪರೆ ಹಿಂಜರಿಯಲಿಲ್ಲ.

*

ನನ್ನ ಓದಿಗೆ ಒಂದು ಆಕ್ಷೇಪ ಬರಬಹುದು. ತನಗೆ ಬರಿ ಇಲ್ಲವೆಂದು ಇವಳು ಪಾಡ್ದನಗಳಲ್ಲಿ ಬರಿ ಇಲ್ಲದವರನ್ನೇ ಹುಡುಕುತ್ತಿದ್ದಾಳೆ ಎಂದು. ಆಕ್ಷೇಪದಲ್ಲಿ ಹುರುಳಿದೆ. ಪ್ರಶ್ನೆ ನನ್ನ ಬದುಕಿನಿಂದ ಬಂದದ್ದು. ಆದರೆ ಉತ್ತರ ಕೃತಿಯಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಯಾರೂ ಪರೀಕ್ಷಿಸಬಹುದು. ಸಿರಿಯ ಹಕ್ಕಿನ ಜಗಳ ಕಾವ್ಯದಲ್ಲಿದೆ, ದೇಯಿಯ ಕಣ್ಣಿಗೆ ಕಟ್ಟಿದ ಬಟ್ಟೆ ಪಾಡ್ದನದಲ್ಲಿದೆ. ಬರಿಯನ್ನು ಕೈಬಿಡಬೇಕೆಂದೂ ನಾನು ಹೇಳುತ್ತಿಲ್ಲ. ಗಂಡನ ಮನೆಯಲ್ಲಿ ನೊಂದ ಹೆಣ್ಣುಮಕ್ಕಳಿಗೆ ತಾಯಿಮನೆಯ ಬಾಗಿಲನ್ನು ತೆರೆದಿಟ್ಟ ಲೆಕ್ಕ ಅದು. ದೇಶದ ಹೆಚ್ಚಿನ ಕಡೆ ಅಷ್ಟೂ ಇರಲಿಲ್ಲ. ನನ್ನ ಮಾಮಿ ಈಗಲೂ ಆ ಮನೆಯಲ್ಲಿ ತಲೆಯೆತ್ತಿ ಮಾತಾಡುವುದು ಅದರ ಬಲದಿಂದ.

ನಾನು ಹೇಳುತ್ತಿರುವುದು ಓದುವ ಕ್ರಮದ ಬಗ್ಗೆ. ತುಳು ಕಥನಗಳನ್ನು ನಾವು ಜನ್ಮದಾಖಲೆಯಂತೆ ಓದುತ್ತಿದ್ದೇವೆ. ಈ ವೀರ ಯಾವ ಜಾತಿ, ಈ ದೈವ ಯಾರ ಮನೆಯದು, ಈ ಊರಿನ ಮೂಲದವರು ಯಾರು. ಹೊರಗೆ ಹೋದವರು ಮರಳಿ ಬರುವಾಗ ಈ ಹಸಿವು ಇನ್ನೂ ಹೆಚ್ಚುತ್ತದೆ. ದೂರದಲ್ಲಿ ಇದ್ದವರಿಗೆ ಮೂಲ ಚೊಕ್ಕವಾಗಿ, ಒಂದೇ ಗೆರೆಯಲ್ಲಿ ಬೇಕು. ಆ ಹಸಿವು ನನಗೂ ಗೊತ್ತು. ಆದರೆ ಪಾಡ್ದನಗಳು ಬೇರೆ ಕಡೆ ಬೆರಳು ತೋರಿಸುತ್ತವೆ. ಯಾರು ಯಾರನ್ನು ಕಾಡಿಗೆ ಬಿಟ್ಟರು, ಯಾರು ಮನೆಗೆ ಕರೆದುಕೊಂಡು ಬಂದರು, ಯಾರು ನ್ಯಾಯ ಹೇಳುವಾಗ ಕಣ್ಣು ತಿರುಗಿಸಿದರು, ಯಾರು ಉರಿಯುವ ಮನೆಯನ್ನು ಬಿಟ್ಟವಳ ಜೊತೆ ನಡೆದರು. ಸಾಯನ ಬೈದ್ಯನಿಗೂ ದಾರುವಿಗೂ ಈ ಕಥೆಗಳಲ್ಲಿ ಇರುವ ಜಾಗವನ್ನು ಯಾವ ವಂಶವೃಕ್ಷದಲ್ಲೂ ಬರೆಯಲಾಗದು. ಅವರಿಲ್ಲದೆ ಆ ಕಥೆಗಳಿಲ್ಲ.

ಆದ್ದರಿಂದ ಮೂಲ ಹುಡುಕಿಕೊಂಡು ಬರುವ ನನ್ನಂಥವರಿಗೆ ಈ ಕೃತಿಗಳಿಂದ ಸಿಗುವುದು ಸಮಾಧಾನವಲ್ಲ, ಒಂದು ಕೆಲಸ. ಹಾಡಿದವರ ಹೆಸರಿನ ಜೊತೆ ಅವರು ಆ ಹಾಡನ್ನು ಯಾರಿಂದ ಕಲಿತರು, ಅವರ ತಾಯಿ ಯಾವ ಊರಿನಿಂದ ಬಂದವರು, ಮನೆಯಲ್ಲಿ ಯಾವ ಯಾವ ಮಾತು ಇತ್ತು ಎಂದು ಬರೆದುಕೊಳ್ಳಬೇಕು. ದೇಯಿಯ ಕಥೆಯ ಒಂದು ಪಾಠವನ್ನು ಮಾತ್ರ ಸರಿ ಎಂದು ಗೆಲ್ಲಿಸದೆ, ಪಾಠಗಳು ಎಲ್ಲಿ ಬೇರೆಯಾಗುತ್ತವೆ ಎಂದು ನೋಡಬೇಕು. ಆ ಬೇರೆಯಾಗುವ ಜಾಗಗಳಲ್ಲೇ ಯಾರೋ ಯಾರನ್ನೋ ಒಳಗೆ ಸೇರಿಸಿಕೊಂಡ ಅಥವಾ ಹೊರಗೆ ಹಾಕಿದ ಗುರುತು ಇರುತ್ತದೆ. ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕೆ 'ಸಾಕಿದ ಮನೆಗಳು' ಎಂದು ಹೆಸರಿಟ್ಟಿದ್ದೇನೆ. ಮಾರ್ಗದರ್ಶಕರು, ಶೀರ್ಷಿಕೆ ಶಾಸ್ತ್ರೀಯವಾಗಿಲ್ಲ ಎಂದಿದ್ದಾರೆ. ಸದ್ಯಕ್ಕೆ ಅದನ್ನು ಬದಲಿಸಿಲ್ಲ.